ಮನೆ ಅಂದಚಂದ: ಬಿಳಿ ಮಾರ್ಬಲ್ ಪ್ಯಾಸೇಜಿಗೆ ಪಿಒಪಿ ಕಂಬ ಬೇಕಾ?

ಪ್ರಶ್ನೆ: ಸೇಡಂ ರಸ್ತೆ ಕಡೆ ಹೊಸ ಮನೆ ಕಟ್ಟಿಸಿದ್ದೇವೆ. ಮುಂಬಾಗಿಲಿನಿಂದ ಹಾಲ್‌ವರೆಗೆ ಐದಡಿ ಅಗಲದ ಉದ್ದನೆ ಪ್ಯಾಸೇಜ್, ನೆಲಕ್ಕೆ ಬಿಳಿ ಮಾರ್ಬಲ್. ಮಗಳಿಗೆ ಮೆಡಿಟರೇನಿಯನ್ ಸ್ಟೈಲ್ ಬೇಕಂತೆ. ಇಂಟೀರಿಯರ್‌ನವರು ಪಿಒಪಿ ಕಂಬ, ಗೋಲ್ಡ್ ಬಾರ್ಡರ್, ಝೂಮರ್ ಅಂತ ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಮದುವೆ ಮಂಟಪ ಆಗಿಬಿಡುತ್ತೇನೋ ಅಂತ ಭಯ. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ಭಯ ಸರಿಯಾಗಿಯೇ ಇದೆ. ಆ ಪಟ್ಟಿ ವಾಪಸ್ ಕೊಡಿ.

ಸ್ಪೇನ್, ಇಟಲಿ, ಗ್ರೀಸ್ ಕಡೆಯ ಹಳೇ ಮನೆಗಳಲ್ಲಿ ಇರೋದು ಸುಣ್ಣದ ಗೋಡೆ, ಕಮಾನು, ಕಬ್ಬಿಣದ ದೀಪ, ಮಣ್ಣಿನ ಕುಂಡ, ಅಷ್ಟೇ. ಅಲ್ಲೂ ಬೇಸಿಗೆ ಬಿಸಿಲು ಜೋರು, ಅದಕ್ಕೇ ದಪ್ಪ ಗೋಡೆ, ಬಿಳಿ ಸುಣ್ಣ. ನಮ್ಮೂರಿನ ಬಿಸಿಲಿಗೆ ಇದು ಹೊಸದೇನಲ್ಲ, ಅಲ್ವಾ? ಇಂಟೀರಿಯರ್‌ನವರಿಗೆ ಅಡ್ವಾನ್ಸ್ ಕೊಡುವ ಮೊದಲು ಮಗಳನ್ನೂ ಗೌಂಡಿಯನ್ನೂ ಕರೆದುಕೊಂಡು ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಮ್ಮೆ ಹೋಗಿ ಬನ್ನಿ. 1367ರ ಕಟ್ಟಡ. ಸಾಲು ಸಾಲು ಅಗಲದ ಕಮಾನು, ತುಂಬಾ ಕೆಳಗಿನಿಂದಲೇ ಬಾಗುತ್ತವೆ, ಮೇಲೆ ಸಾದಾ ಗಾರೆ, ಚಿನ್ನದ ಬಣ್ಣ ಎಲ್ಲೂ ಇಲ್ಲ. ಆದರೂ ಎಷ್ಟು ಗಂಭೀರ ನೋಡಿ.

ನಿಮ್ಮಲ್ಲಿ ಹಾಲ್ ಶುರುವಾಗುವ ಕಡೆ ಒಂದೇ ಒಂದು ಕಮಾನು ಸಾಕು. ಆದರೆ ಲೆಕ್ಕ ಹಾಕಿ: ಐದಡಿ ಅಗಲಕ್ಕೆ ಪೂರ್ತಿ ಅರ್ಧ ವೃತ್ತ ಬೇಕಂದರೆ ಅದರ ಎತ್ತರವೇ ಎರಡೂವರೆ ಅಡಿ. ಅಲ್ಲಿ ಎಂಟಡಿಗೆ ಬೀಮ್ ಇದ್ದರೆ ಕಮಾನು ಐದೂವರೆ ಅಡಿಯಿಂದಲೇ ಬಾಗಬೇಕಾಗುತ್ತದೆ, ಪಕ್ಕದಲ್ಲಿ ನಡೆಯುವವರ ತಲೆಗೆ ತಾಗುತ್ತದೆ. ಬೀಮ್ ಕೆಳಗಿದ್ದರೆ ಚಪ್ಪಟೆ ಕಮಾನೇ ಮಾಡಿಸಿ.

ಗೋಡೆಗೆ ಹಾಲಿನಂಥ ಬಿಳಿ ಬೇಡ, ಅದರ ಪಕ್ಕ ನಿಮ್ಮ ಮಾರ್ಬಲ್ ಹಳದಿಯಾಗಿ ಕಾಣಬಹುದು. ಸ್ವಲ್ಪ ಕೆನೆ ಬಣ್ಣ, ಹೊಳಪಿಲ್ಲದ್ದು. ಸುಣ್ಣ ಬಳಿಸುವ ಆಸೆ ಇದ್ದರೆ ಪುಟ್ಟಿ ಹಾಕುವ ಮೊದಲೇ ಪೇಂಟರ್‌ಗೆ ಹೇಳಿ, ಈಗಾಗಲೇ ಪ್ಲಾಸ್ಟಿಕ್ ಪೇಂಟ್ ಆಗಿದ್ದರೆ ಅದರ ಮೇಲೆ ಸುಣ್ಣ ನಿಲ್ಲಲ್ಲ. ಝೂಮರ್ ಬದಲು ಕಬ್ಬಿಣದ ಲಾಂದ್ರ, ಒಳಗೆ 2700 ಕೆಲ್ವಿನ್ ಬಲ್ಬ್, ಅಂದರೆ ಹಳದಿ ಬೆಳಕಿನದು. ಟ್ಯೂಬ್‌ಲೈಟಿನ ಬೆಳ್ಳನೆ ಬೆಳಕು ಬಿದ್ದರೆ ಆಸ್ಪತ್ರೆ ವರಾಂಡ ಆಗಿಬಿಡುತ್ತದೆ.

ಗೋಡೆ ಪಕ್ಕ ಒಂದು ಸಣ್ಣ ಮೇಜು, ಮೇಲೆ ಒಂದೇ ಒಂದು ಬಿದರಿ ಹೂದಾನಿ ಇಡಿ. ಕಪ್ಪು ಲೋಹದ ಮೇಲಿನ ಬೆಳ್ಳಿ ಗೆರೆ ಕೆನೆ ಬಣ್ಣದ ಗೋಡೆಗೆ ಎದ್ದು ಕಾಣುತ್ತದೆ. ನೀಲಿ ಬೇಕೇ ಬೇಕು ಅಂದರೆ ಕನ್ನಡಿ ಸುತ್ತ ಒಂದು ಸಾಲು ಟೈಲ್ಸ್, ಅದಕ್ಕಿಂತ ಜಾಸ್ತಿ ಬೇಡ. ಬಣ್ಣ ಆರಿಸಲು ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರ್ ನೋಡಿ, 15ನೇ ಶತಮಾನದ ಟೈಲ್ಸ್ ಇನ್ನೂ ಅಲ್ಲಲ್ಲಿ ಉಳಿದಿವೆ.

ಇನ್ನು ಧೂಳು. ಮಾರ್ಬಲ್ ಮೆತ್ತನೆ ಕಲ್ಲು, ಚಪ್ಪಲಿಗೆ ಅಂಟಿ ಬರುವ ಮರಳು ಅದಕ್ಕಿಂತ ಗಟ್ಟಿ. ಹಾಗಾಗಿ ಬಾಗಿಲ ಹೊರಗೆ ನಾರಿನ ಒರಟು ಮ್ಯಾಟ್, ಒಳಗೆ ಇನ್ನೊಂದು. ಹೊಸ್ತಿಲಾಚೆ ಒಂದು ಪಟ್ಟಿ ಶಹಾಬಾದ್ ಫರಸಿ ಹಾಕಿಸಿ, ರಂಗೋಲಿ, ಅರಿಶಿನ, ಎಣ್ಣೆ ದೀಪ ಎಲ್ಲಾ ಅದರ ಮೇಲಾಗಲಿ. ಮಾರ್ಬಲ್ ಮೇಲೆ ಅರಿಶಿನ ಇಳಿದರೆ ತೆಗೆಯೋದು ಕಷ್ಟ.

ಪ್ರಶ್ನೆ: ನಿಂಬೆ ರಸ ಚೆಲ್ಲಿ ಮಾರ್ಬಲ್ ಮೇಲೆ ಮಂಕು ಕಲೆ ಆಗಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.
– ಓದುಗರು, ಬೀದರ್

ಉತ್ತರ: ಉಜ್ಜೋದು ನಿಲ್ಲಿಸಿ. ಅದು ಕಲೆಯಲ್ಲ, ಹುಳಿ ಆ ಕಲ್ಲಿನ ಪಾಲಿಶನ್ನೇ ತಿಂದಿದೆ. ಪಾಲಿಶ್ ಮಾಡುವವರನ್ನು ಕರೆಸಿ ಅಷ್ಟು ಜಾಗಕ್ಕೆ ಮತ್ತೆ ಪಾಲಿಶ್ ಹಾಕಿಸಬೇಕು. ಹುಣಸೆ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಹತ್ತಿರ ತರಬೇಡಿ. ಶಹಾಬಾದ್ ಕಲ್ಲಿಗೂ ಇದೇ ಮಾತು, ಅದೂ ಸುಣ್ಣದ ಕಲ್ಲೇ.

ಪ್ರಶ್ನೆ: ಬಾಗಿಲ ಪಕ್ಕ ಇಡಲು ಆಲಿವ್ ಗಿಡ ಸಿಗುತ್ತಾ?
– ಓದುಗರು, ಯಾದಗಿರಿ

ಉತ್ತರ: ಸಿಕ್ಕರೂ ಸುಮ್ನೆ ದುಡ್ಡು ದಂಡ. ಕಣಗಿಲೆ ಇಡಿ, ಅದು ಮೆಡಿಟರೇನಿಯನ್ ಕಡೆಯೂ ಬೆಳೆಯುವ ಗಿಡವೇ, ನಮ್ಮ ಬಿಸಿಲಿಗೂ ಜಗ್ಗಲ್ಲ. ಆದರೆ ಎಲೆ, ಹೂವು ಎಲ್ಲಾ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳೋ ದನಕರುಗಳೋ ಇದ್ದರೆ ದಾಳಿಂಬೆ ಗಿಡವೇ ವಾಸಿ.