ಗಪ್ಪಿ, ಮೊಲ್ಲಿ, ಪ್ಲಾಟಿ ಎಂಬ ಅಕ್ವೇರಿಯಂ ಮೀನುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮರಿಗಳ ತಾಪತ್ರಯ ಬೇಡ ಅಂತ ಬರೀ ಹೆಣ್ಣು ಗಪ್ಪಿಗಳನ್ನು ತಂದೆ. ಟ್ಯಾಂಕಿನಲ್ಲಿ ಒಂದೂ ಗಂಡಿಲ್ಲ. ಆದರೂ ಒಂದು ಮೀನು ಮರಿ ಹಾಕಿತು, ತಿಂಗಳು ಕಳೆದ ಮೇಲೆ ಮತ್ತೆ ಹಾಕಿತು. ಇದು ಹೇಗೆ ಸಾಧ್ಯ?

ಉತ್ತರ: ಅಂಗಡಿಯ ತೊಟ್ಟಿಯಲ್ಲಿ ಗಂಡು ಹೆಣ್ಣು ಒಟ್ಟಿಗೇ ಇದ್ದರೆ ಬೆಳೆದ ಹೆಣ್ಣು ಬಸಿರಾಗಿಯೇ ನಿಮ್ಮ ಮನೆಗೆ ಬರುತ್ತದೆ. ಅಷ್ಟೇ ಅಲ್ಲ, ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ಒಡಲಲ್ಲಿ ತಿಂಗಳುಗಟ್ಟಲೆ ಉಳಿಸಿಕೊಳ್ಳಬಲ್ಲದು. ಹಾಗಾಗಿ ಸುಮಾರು 4 ವಾರಕ್ಕೊಮ್ಮೆ ಇನ್ನೂ ಕೆಲವು ಸಲ ಮರಿ ಹಾಕಿದರೆ ಆಶ್ಚರ್ಯ ಪಡಬೇಡಿ. ಮರಿ ಬೇಡವೇ ಬೇಡ ಅಂದರೆ ಗಂಡುಗಳನ್ನಷ್ಟೇ ಸಾಕಿ. ಗಂಡು ಚಿಕ್ಕದು, ಬಣ್ಣ ಜಾಸ್ತಿ, ಹೊಟ್ಟೆಯ ಹಿಂದಿನ ಈಜುರೆಕ್ಕೆ ಸಣ್ಣಗೆ ಚೂಪಾಗಿರುತ್ತದೆ. ಹೆಣ್ಣಿನದು ಬೀಸಣಿಗೆಯಂತೆ ಅಗಲ. ಎರಡನ್ನೂ ಸಾಕುವವರು ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳನ್ನಾದರೂ ಬಿಡಿ, ಇಲ್ಲದಿದ್ದರೆ ಗಂಡುಗಳು ಒಂದೇ ಹೆಣ್ಣನ್ನು ದಿನವಿಡೀ ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡಿಬಿಡುತ್ತವೆ.

ಪ್ರಶ್ನೆ: ಹೊಸ ಟ್ಯಾಂಕ್ ಇಟ್ಟು ಒಂದು ವಾರ ಆಯಿತು. ನಾವು ಕುಡಿಯುವ ಆರ್‌ಓ ನೀರನ್ನೇ ತುಂಬಿದ್ದೇವೆ, ಅದು ಶುದ್ಧ ಅಲ್ವಾ? ಆದರೆ ಮೊಲ್ಲಿಗಳು ಈಜುರೆಕ್ಕೆ ಮಡಚಿಕೊಂಡು ನಿಂತಲ್ಲೇ ತೂಗಾಡುತ್ತಿವೆ. ಯಾವ ಔಷಧ ಹಾಕಲಿ?

ಉತ್ತರ: ದಯವಿಟ್ಟು ಸುಮ್ನೆ ಔಷಧ ಸುರಿಯಬೇಡಿ. ನೀವು ಹೇಳುವ ಲಕ್ಷಣ ನೋಡಿದರೆ ಮೊದಲು ಅನುಮಾನ ಬರುವುದು ನೀರಿನ ಮೇಲೆಯೇ. ನಮಗೆ ಶುದ್ಧ ಅನ್ನಿಸುವ ನೀರು ಈ ಮೀನಿಗೆ ಬರಡು. ಆರ್‌ಓ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಹುಪಾಲು ತೆಗೆದುಬಿಡುತ್ತದೆ. ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್, ಎಲ್ಲಕ್ಕಿಂತ ಹೆಚ್ಚಾಗಿ ಮೊಲ್ಲಿ, ಇವೆಲ್ಲ ಬೇಡುವುದು ಗಡಸು ನೀರನ್ನು. ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ತೋರಿಸುವ ಅಳತೆ) 7ರಿಂದ 8ರ ಆಸುಪಾಸಿನಲ್ಲಿರಲಿ. ಪಾತ್ರೆಯಲ್ಲಿ ಬಿಳಿ ಕಲೆ ಉಳಿಸುವ ನೀರನ್ನು ನಾವು ಬೈಯುತ್ತೇವೆ, ಮೊಲ್ಲಿಗೆ ಅದೇ ಹಿತ.

ಹಾಗಂತ ಇವತ್ತೇ ಪೂರ್ತಿ ನೀರು ಬದಲಿಸಬೇಡಿ, ದಿಢೀರ್ ಬದಲಾವಣೆಯೂ ಮೀನನ್ನು ಕೊಲ್ಲುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ನಲ್ಲಿ ನೀರು ಅಥವಾ ಬೋರ್‌ವೆಲ್ ನೀರು ಬೆರೆಸುತ್ತಾ ಬನ್ನಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಅನ್ನುವುದು ನಿಜ, ಆದರೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ ರಾಸಾಯನಿಕ) ಹಾಕಿದ ನೀರಿಗೆ ಆ ಉಪಾಯ ಸಾಲದು. ಉಪ್ಪು ಹಾಕಿ ಅಂತ ಹಲವರು ಹೇಳುತ್ತಾರೆ. ಮೊಲ್ಲಿ ಉಪ್ಪನ್ನು ತಡೆದುಕೊಳ್ಳುತ್ತದೆ, ಆದರೆ ಉಪ್ಪಿನಿಂದ ಕ್ಯಾಲ್ಸಿಯಂ ಬರುವುದಿಲ್ಲ, ಗಿಡಗಳಿಗೂ ಒಳ್ಳೆಯದಲ್ಲ. ಅದರ ಬದಲು ಪುಡಿ ಹವಳ ಅಥವಾ ಚಿಪ್ಪಿನ ಚೂರುಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಒಂದು ವಾರದ ಟ್ಯಾಂಕ್ ಇನ್ನೂ ತಯಾರಾಗಿಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ನೀರು ತಿಳಿಯಾಗಿ ಕಂಡರೂ ಅದರಲ್ಲಿ ವಿಷ ಇರಬಹುದು. ಟೆಸ್ಟ್ ಕಿಟ್ ತಂದು ನೋಡಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಊಟ ಕಡಿಮೆ ಮಾಡಿ, ದಿನವೂ ಒಂದಿಷ್ಟು ನೀರು ಬದಲಿಸಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಪ್ರಶ್ನೆ: ತಾಯಿಯೇ ಮರಿಗಳನ್ನು ತಿನ್ನುತ್ತಿದೆ! ಬ್ರೀಡಿಂಗ್ ಬಾಕ್ಸಿಗೆ ಹಾಕಬೇಕಾ?

ಉತ್ತರ: ಅದಕ್ಕೆ ಮರಿ ಕೂಡ ಆಹಾರವೇ, ಇದರಲ್ಲಿ ಕ್ರೌರ್ಯ ಏನೂ ಇಲ್ಲ. ಇಕ್ಕಟ್ಟಾದ ಡಬ್ಬಿಯಲ್ಲಿ ತುಂಬು ಬಸುರಿಯನ್ನು ದಿನಗಟ್ಟಲೆ ಕೂಡಿಹಾಕುವುದು ನನಗೆ ಇಷ್ಟವಿಲ್ಲ, ಅದು ಹೆದರಿ ಒದ್ದಾಡುತ್ತದೆ. ಜಾವಾ ಮಾಸ್, ಹಾರ್ನ್‌ವರ್ಟ್ ಥರದ ಗಿಡಗಳನ್ನು ದಟ್ಟವಾಗಿ ಬೆಳೆಸಿ. ಮರಿಗಳು ಹುಟ್ಟಿದ ಕೂಡಲೇ ಈಜುತ್ತವೆ, ಅಡಗಲು ಜಾಗ ಇದ್ದರೆ ಒಂದಷ್ಟು ಉಳಿದೇ ಉಳಿಯುತ್ತವೆ. ಅವಕ್ಕೆ ಪುಡಿ ಮಾಡಿದ ಫ್ಲೇಕ್ಸ್, ಸಿಕ್ಕರೆ ಆಗತಾನೆ ಮರಿಯಾದ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಜೀವಿ) ಕೊಡಿ, ದಿನಕ್ಕೆ ಮೂರು ನಾಲ್ಕು ಸಲ, ಚಿಟಿಕೆಯಷ್ಟೇ. ಬೇಯಿಸಿದ ಮೊಟ್ಟೆಯ ಹಳದಿ ನೀರನ್ನು ಬೇಗ ಕೆಡಿಸುತ್ತದೆ, ಬೇಡ.

ಪ್ರಶ್ನೆ: ಗಪ್ಪಿಗಳು ಜಾಸ್ತಿಯಾಗಿವೆ. ಕೆರೆಗೆ ಬಿಟ್ಟರೆ ಸೊಳ್ಳೆಯಾದರೂ ಕಡಿಮೆಯಾಗುತ್ತೆ ಅಲ್ವಾ?

ಉತ್ತರ: ಬೇಡ, ಖಂಡಿತ ಬೇಡ. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ, ಟ್ರಿನಿಡಾಡ್ ಕಡೆಯ ಹೊಳೆಗಳು. ಸೊಳ್ಳೆ ಮರಿ ತಿನ್ನಲಿ ಅಂತ ಎಷ್ಟೋ ದೇಶಗಳಲ್ಲಿ ಬಿಟ್ಟರು, ಅದು ಅಲ್ಲೇ ಬೇರು ಬಿಟ್ಟಿತು. ಬಸಿರಾದ ಒಂದೇ ಹೆಣ್ಣು ಸಾಕು, ಹೊಸ ಸಂಸಾರ ಶುರುವಾಗಲು. ಆ ನೀರಿನ ಸ್ವಂತ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ, ಮನೆಯ ಟ್ಯಾಂಕಿನ ರೋಗವನ್ನೂ ಒಯ್ಯಬಹುದು. ಒಮ್ಮೆ ಬಿಟ್ಟರೆ ವಾಪಸ್ ಹಿಡಿಯುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಸಾಕುವವರಿಗೆ ಕೊಡಿ, ಅಂಗಡಿಯವರನ್ನು ಕೇಳಿ ನೋಡಿ. ಮರಿಗಳಿಗೆ 4 ವಾರ ತುಂಬುವ ಹೊತ್ತಿಗೆ ಗಂಡುಗಳ ಗುರುತು ಸಿಗತೊಡಗುತ್ತದೆ, ಆಗಲೇ ಅವನ್ನು ಬೇರೆ ಟ್ಯಾಂಕಿಗೆ ಹಾಕಿ. ತಡ ಮಾಡಿದರೆ ಆ ಮರಿಗಳೇ ಬಸಿರಾಗುತ್ತವೆ.