ಉಡುಪಿಯಲ್ಲಿ ಪೆಡಲ್ ನಾಬ್ ಹುಡುಕುವವರಿಗೆ

ಗಿಟಾರ್ ಸದ್ದನ್ನು ಒರಟು ಮಾಡುವ ಫಝ್ ಪೆಡಲ್‌ಗೆ ಮೂರು ನಾಬ್ (ತಿರುಗಿಸುವ ಗುಂಡಿ) ಬೇಕು, ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿದಿರಿ, ಆನ್‌ಲೈನ್‌ನಲ್ಲಿ ನಾಬ್‌ಗಿಂತ ಕೊರಿಯರ್ ಖರ್ಚೇ ಜಾಸ್ತಿ ಅಂದಿರಿ. ಸರಿಯೇ. ಆದರೆ ಅಂಗಡಿ ಹುಡುಕುವ ಮೊದಲು ನಿಮ್ಮ ಪಾಟ್‌ನ (ನಾಬ್ ಕೂರುವ ಪೊಟೆನ್ಶಿಯೋಮೀಟರ್) ಶಾಫ್ಟ್, ಅಂದರೆ ತಿರುಗುವ ಕಡ್ಡಿ, ನೋಡಿ. ಎಲ್ಲ ತಾಪತ್ರಯ ಶುರುವಾಗುವುದು ಅಲ್ಲೇ.

ಗುಂಡು ಶಾಫ್ಟ್ 6 ಮಿ.ಮೀ. ಇರಬಹುದು, ಕಾಲು ಇಂಚು ಅಂದರೆ 6.35 ಮಿ.ಮೀ. ಕೂಡ ಇರಬಹುದು. ಬರಿಗಣ್ಣಿಗೆ ಎರಡೂ ಒಂದೇ! ಕಾಲು ಇಂಚಿನ ನಾಬ್ 6 ಮಿ.ಮೀ. ಶಾಫ್ಟ್‌ಗೆ ಹೋಗುತ್ತದೆ, ಸ್ವಲ್ಪ ವಾಲುತ್ತದೆ ಅಷ್ಟೆ. ಉಲ್ಟಾ ಮಾಡಿದರೆ ಒಳಗೇ ಹೋಗುವುದಿಲ್ಲ. ನಾನು ಒಮ್ಮೆ ಹತ್ತು ನಾಬ್ ತಂದು ಹೀಗೆ ಪೆಚ್ಚಾದೆ. ಶಾಫ್ಟ್ ತುದಿಯಲ್ಲಿ ಹಲ್ಲುಗಳಿದ್ದರೆ ಒತ್ತಿ ಕೂರಿಸುವ ನಾಬ್ ಬೇಕು, ಅದು ಅಗ್ಗ.

ಪಕ್ಕದಲ್ಲಿ ಸ್ಕ್ರೂ ಇರುವ ನಾಬ್ ಆದರೆ ಒಳಗೆ ಹಿತ್ತಾಳೆ ಬುಶ್ (ಕೊಳವೆ) ಇದೆಯಾ ನೋಡಿ. ಬರೀ ಪ್ಲಾಸ್ಟಿಕ್ ಆದರೆ ಎರಡು ಸಲ ಬಿಗಿ ಮಾಡುವಾಗಲೇ ಸ್ಕ್ರೂ ಕೂರುವ ಥ್ರೆಡ್ ಸವೆದು ಹೋಗುತ್ತದೆ. ನಮ್ಮ ಕರಾವಳಿ ಗಾಳಿಗೆ ಆ ಸ್ಕ್ರೂ ತುಕ್ಕು ಹಿಡಿಯುವುದೂ ಬೇಗ, ಒಂದು ಹನಿ ಎಣ್ಣೆ ಹಚ್ಚಿಡಿ.

ಪೆಡಲ್‌ನ ಪೆಟ್ಟಿಗೆ 1590ಬಿ (ಒಂದು ಅಳತೆಯ ಲೋಹದ ಡಬ್ಬ) ಅಂದಿರಿ. ಅದರ ಅಗಲ 60 ಮಿ.ಮೀ. ಆಸುಪಾಸು. ಮೂರು ನಾಬ್ ಸಾಲಾಗಿ ಬೇಕಾದರೆ ಒಂದೊಂದು ನಾಬ್‌ನ ಅಗಲ 15 ಮಿ.ಮೀ. ದಾಟಬಾರದು, ದಾಟಿದರೆ ನಡುವೆ ಬೆರಳು ಹೋಗುವುದಿಲ್ಲ.

ಎಲ್ಲಿ ಸಿಗುತ್ತದೆ? ಮೊದಲು ಹಳೇ ರೇಡಿಯೋ, ಆಂಪ್ಲಿಫೈಯರ್ ರಿಪೇರಿಯವರ ಹತ್ತಿರ ಕೇಳಿ. ಕೆಟ್ಟ ಆಂಪ್‌ನ ನಾಬ್‌ಗಳು ಸುಮ್ನೆ ಡಬ್ಬದಲ್ಲಿ ಬಿದ್ದಿರುತ್ತವೆ. ಪಾಟ್ ಕೈಯಲ್ಲೇ ಹಿಡಿದುಕೊಂಡು ಹೋಗಿ. ಸಿಗದಿದ್ದರೆ ಬೆಂಗಳೂರಿಗೆ ಹೋಗುವ ಯಾರಿಗಾದರೂ ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಿಂದ ತರಲು ಹೇಳಿ.