ಅಪ್ಪನ ತಿಥಿಯಲ್ಲೂ ಅಣ್ಣ ಮಾತಾಡಲಿಲ್ಲ

ಪ್ರಶ್ನೆ: ನನ್ನ ತವರು ಕೊಪ್ಪದ ಹತ್ತಿರ. ಅಡಿಕೆ ತೋಟ ಅಣ್ಣನೇ ನೋಡಿಕೊಳ್ಳುತ್ತಾನೆ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಅವನು ಹಾಕಿದ ಫಾರ್ವರ್ಡ್ ಸುಳ್ಳೆಂದು ಅಲ್ಲೇ ತೋರಿಸಿಕೊಟ್ಟೆ. ಅವನು ನನ್ನನ್ನು ಗುಲಾಮರ ಗುಂಪಿನವಳು ಎಂದ, ನಾನು ಅಂಧಭಕ್ತ ಎಂದೆ. ಗ್ರೂಪ್ ಬಿಟ್ಟ. ಅಪ್ಪನ ತಿಥಿಯಲ್ಲೂ ಮಾತಿಲ್ಲ. ನಾನೇ ಕ್ಷಮೆ ಕೇಳಿದರೆ ನನ್ನ ನಿಲುವು ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆಗುವುದಿಲ್ಲ. ಆ ಫಾರ್ವರ್ಡ್ ಅಂದು ಸುಳ್ಳಾಗಿದ್ದರೆ ಇಂದೂ ಸುಳ್ಳೇ. ನೀವು ಕ್ಷಮೆ ಕೇಳಬೇಕಾದದ್ದು ಚಿಕ್ಕಪ್ಪಂದಿರು, ಅವನದೇ ಮಕ್ಕಳು ಓದುವ ಜಾಗದಲ್ಲಿ ಅವನ ಮರ್ಯಾದೆ ತೆಗೆದದ್ದಕ್ಕೆ. ಅಪ್ಪನ ನಂತರ ಆ ಮನೆಗೆ ಹಿರಿಯ ಅವನು. ಜಗಳವಾಡುವುದು, ಇಲ್ಲವೇ ಎದ್ದು ಹೋಗುವುದು, ಇಷ್ಟೇ ಅವನಿಗೆ ಉಳಿದಿತ್ತು. ವಾಟ್ಸ್ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತು ಬಂದರೆ ಆ ಸಂದೇಶ ಹಲವು ಕೈ ದಾಟಿದ್ದು ಎಂದರ್ಥ. ಬರೆದವನು ಯಾರೋ, ದಾಟಿಸಿದವನು ಅಣ್ಣ. ಬೈಗುಳ ಬಿದ್ದದ್ದು ಅವನಿಗೆ.

ನಿಮ್ಮ ಜಿಲ್ಲೆ ಇಂಥ ಕಾವು ಮೊದಲೂ ಕಂಡಿದೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತವರು ವೀರೇಂದ್ರ ಪಾಟೀಲರು. ತುರ್ತು ಪರಿಸ್ಥಿತಿಯ ಗಾಯ ಆಗಿನ್ನೂ ಹಸಿ. ಅದೇ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದರು. ನಾಯಕರು ದಾಟಿಬಿಡುತ್ತಾರೆ. ಅವರ ಸಲುವಾಗಿ ಮಾತು ಬಿಟ್ಟವರಿಗೆ ಹಾಗೆ ದಾಟಲು ಬರುವುದಿಲ್ಲ, ಇದು ನನ್ನನ್ನು ಬಹಳ ಕಾಡುತ್ತದೆ.

ಗ್ರೂಪಿನಲ್ಲಿ ಏನೂ ಬರೆಯಬೇಡಿ. ಅಡಿಕೆ ಸುಲಿಯುವ ಕಾಲಕ್ಕೆ ಹೋಗಿ, ಅವನ ಪಕ್ಕ ಕೂತು ನಾಲ್ಕು ಕಾಯಿ ಸುಲಿಯಿರಿ. ಕೈ ಕೆಲಸದಲ್ಲಿದ್ದಾಗ ಮುಖ ನೋಡದೆ ಮಾತಾಡಬಹುದು. "ಎಲ್ಲರೆದುರು ಹಾಗಂದದ್ದು ತಪ್ಪಾಯ್ತು ಅಣ್ಣ" ಎನ್ನಿ, "ಆದರೆ" ಸೇರಿಸಬೇಡಿ. ತೋಟದ ಸುದ್ದಿ ಕೇಳಿ. ಎಲೆಚುಕ್ಕಿ ರೋಗಕ್ಕೆ ಸೋಗೆ ಒಣಗುವುದನ್ನು ದಿನವೂ ನೋಡುವವನಿಗೆ, ಬೆಂಗಳೂರಿನ ತಂಗಿ ತಪ್ಪು ತೋರಿಸಿದ್ದು ಬೇರೆಯೇ ರೀತಿ ಕೇಳಿಸಿರಬಹುದು. ಆ ಪಕ್ಷ ಅವನಿಗೆ ಯಾಕೆ ಹತ್ತಿರವಾಯಿತು ಎಂದು ಕೇಳಿ, ಉತ್ತರ ಮುಗಿಯುವವರೆಗೆ ತಡೆಯಬೇಡಿ. ಒಪ್ಪಬೇಕಿಲ್ಲ. ಯಾರದೋ ಜಾತಿ, ಧರ್ಮ ಹಿಡಿದು ಹೀನವಾಗಿ ಮಾತಾಡಿದರೆ ಮಾತ್ರ, "ಇದು ನನ್ನ ಕೈಲಿ ಕೇಳೋಕಾಗಲ್ಲ" ಎಂದು ಅಲ್ಲೇ ಹೇಳಿ, ಮೆಲುದನಿಯಲ್ಲಿ.

ಮೊದಲ ಸಲಕ್ಕೆ ಅವನು ಬರೀ "ಹೂಂ" ಅನ್ನಬಹುದು. ಅಷ್ಟಕ್ಕೇ ವಾಪಸ್ ಹೊರಡಬೇಡಿ, ರಾತ್ರಿ ಉಳಿಯಿರಿ. ಬರುವ ದಿನವನ್ನು ಅತ್ತಿಗೆಗೆ ಈಗಲೇ ಫೋನ್ ಮಾಡಿ ತಿಳಿಸಿ.